ನಾದವನ್ನೇ ಕಣ್ಣಾಗಿಸಿದ ಮಹಾನುಭಾವ: ಗಾನಯೋಗಿ ಪಂಚಾಕ್ಷರ ಗವಾಯಿಗಳವರು

ಇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂಬುದು ಲೋಕರೂಢಿ. ಆದರೆ ನಮ್ಮ ನಾಡಿನ ಗುರುಪರಂಪರೆಯ ವಿದ್ಯೆಯೆಲ್ಲವೂ ಮೊದಲು ಕಿವಿಯ ಮೂಲಕವೇ ಶಿಷ್ಯನ ಹೃದಯವನ್ನು ಹೊಕ್ಕಿತು. ಶ್ರುತಿ ಎಂಬ ಒಂದೇ ಶಬ್ದವು ವೇದಕ್ಕೂ ಸಂಗೀತದ ಆಧಾರಸ್ವರಕ್ಕೂ ಹೆಸರಾಗಿರುವುದು ಆಕಸ್ಮಿಕವಲ್ಲ. ದೀಕ್ಷಾಕಾಲದಲ್ಲಿ ಗುರುವು ಮಂತ್ರೋಪದೇಶ ಮಾಡುವುದೂ ಶಿಷ್ಯನ ಕರ್ಣದಲ್ಲಿಯೇ. ಈ ಪ್ರಾಚೀನ ಸತ್ಯವನ್ನು ತಮ್ಮ ಬಾಳಿನಲ್ಲಿ ಪ್ರಮಾಣೀಕರಿಸಿ ತೋರಿಸಿ, ದೃಷ್ಟಿಹೀನರೆಂದು ಸಮಾಜವು ಮೂಲೆಗೊತ್ತಿದ ಮಕ್ಕಳಿಗೆ ವಿದ್ಯೆಯ ಹಕ್ಕನ್ನು ದೊರಕಿಸಿಕೊಟ್ಟ ಮಹಾನುಭಾವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಪಂಚಾಕ್ಷರ ಗವಾಯಿಗಳವರು. ಅವರು ಲಿಂಗೈಕ್ಯರಾಗಿ ಎಂಟು ದಶಕಗಳು ಸಂದಿವೆ. ಆದರೂ ಅವರು ಹಚ್ಚಿದ ದೀಪ ಆರಿಲ್ಲ.

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬುದೊಂದು ಪುಟ್ಟ ಗ್ರಾಮ. ಅಂದು ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಗ್ರಾಮದ ಚರಂತಿಮಠ ಮನೆತನದ ಗುರುಪಾದಯ್ಯನವರು ಮತ್ತು ನೀಲಮ್ಮನವರೆಂಬ ದಂಪತಿಗಳ ಉದರದಲ್ಲಿ 1892ನೆಯ ಇಸವಿ ಫೆಬ್ರವರಿ 2ರಂದು ಜನಿಸಿದ ಶಿಶುವಿಗೆ ಗದಿಗೆಯ್ಯನೆಂದು ನಾಮಕರಣವಾಯಿತು. ಶಿಶುವು ಹುಟ್ಟುಕುರುಡಾಗಿತ್ತು. ಅದಕ್ಕಿಂತ ಮೊದಲು ಹುಟ್ಟಿದ ಅಣ್ಣ ಗುರುಬಸಯ್ಯನೂ ಅಂಧನೇ. ಬಡ ಮನೆತನದಲ್ಲಿ ಇಬ್ಬರು ಗಂಡುಮಕ್ಕಳಿಗೂ ಕಣ್ಣಿಲ್ಲವೆಂದರೆ ತಾಯಿತಂದೆಗಳ ಸಂಕಟ ಎಷ್ಟಿರಬೇಕೆಂಬುದನ್ನು ಬಣ್ಣಿಸಬೇಕಾಗಿಲ್ಲ.

ಆ ಕಾಲದಲ್ಲಿ ಅಂಧರ ಪಾಡು ಏನಾಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ನೆನೆಯುವುದು ಉಚಿತ. ಕಣ್ಣಿಲ್ಲದವನನ್ನು ಶಾಲೆಗೆ ಸೇರಿಸುವ ಯೋಚನೆಯೇ ಹಳ್ಳಿಗಳಲ್ಲಿರಲಿಲ್ಲ. ಪೂರ್ವಜನ್ಮದ ಕರ್ಮಫಲವೆಂದು ಬಂಧುಗಳು ನಿಟ್ಟುಸಿರಿಡುತ್ತಿದ್ದರು; ಜಾತ್ರೆಯ ದಾರಿಯಲ್ಲೋ ಗುಡಿಯ ಬಾಗಿಲಲ್ಲೋ ಕೂಡಿಸಿದರೆ ಹೊಟ್ಟೆಗೆ ಹಿಟ್ಟು ದೊರೆಯುವುದೆಂದು ಊರವರು ಬುದ್ಧಿ ಹೇಳುತ್ತಿದ್ದರು. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ಪಂಜಾಬಿನ ಅಮೃತಸರದಲ್ಲಿ ಆರಂಭವಾದುದು 1887ರಲ್ಲಿ. ಮೈಸೂರಿನಲ್ಲಿ ಕಿವುಡರ ಮತ್ತು ಅಂಧರ ಪಾಠಶಾಲೆ ತೆರೆದುದು 1901ರಲ್ಲಿ. ಹಾನಗಲ್ಲ ಸೀಮೆಯ ಬಡ ಜಂಗಮರ ಮನೆಗೆ ಇವೆಲ್ಲ ಬಹು ದೂರದ ಮಾತಾಗಿದ್ದವು.

ಇಂತಹ ಸನ್ನಿವೇಶದಲ್ಲಿ ಆ ಸಹೋದರರ ಪಾಲಿಗೆ ದೈವದಂತೆ ಒದಗಿಬಂದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ನದಿಯ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಕಾರಣಿಕ ಪುರುಷರು ಅವರು. ಊರೂರಿಗೆ ಶಾಲೆ, ಬೋರ್ಡಿಂಗು, ಪಾಠಶಾಲೆಗಳಾಗಬೇಕೆಂದು ಹಗಲಿರುಳು ಸಂಚರಿಸುತ್ತಿದ್ದ ಆ ಪೂಜ್ಯರು ಈ ಬಾಲಕರ ಕಂಠದಲ್ಲಿದ್ದ ಇಂಪನ್ನೂ ಅವರ ಸ್ಮರಣಶಕ್ತಿಯನ್ನೂ ಗುರುತಿಸಿದರು. ಮರುಕಪಟ್ಟು ಒಂದು ಹೊತ್ತಿನ ಊಟ ಹಾಕಿಸಿ ಕಳುಹಿಸಿದ್ದರೆ ಲೋಕವು ಅದನ್ನೇ ದೊಡ್ಡ ಪುಣ್ಯವೆಂದು ಹೊಗಳುತ್ತಿತ್ತು. ಪೂಜ್ಯರು ಅಷ್ಟಕ್ಕೆ ತೃಪ್ತರಾಗದೆ ಮಕ್ಕಳ ಭಾರವನ್ನೇ ತಾವು ಹೊತ್ತು, ಸಂಗೀತ ಶಿಕ್ಷಣದ ವ್ಯವಸ್ಥೆ ಮಾಡಿದರು. ಕಣ್ಣಿಲ್ಲದವನಿಗೆ ಸಲ್ಲಬೇಕಾದುದು ಭಿಕ್ಷೆಯೋ ವಿದ್ಯೆಯೋ ಎಂಬ ಪ್ರಶ್ನೆಗೆ ಅಂದು ದೊರೆತ ಉತ್ತರದ ಮೇಲೆಯೇ ಮುಂದಿನ ಇತಿಹಾಸವೆಲ್ಲ ನಿಂತಿದೆ.

ವಿದ್ಯಾರ್ಜನೆಯ ಮಾರ್ಗ ಸುಗಮವಾಗಿರಲಿಲ್ಲ. ಒಡಹುಟ್ಟಿದ ಅಣ್ಣನು ಕಾಲವಶನಾದನು. ಒಂದೇ ಕತ್ತಲೆಯನ್ನು ಹಂಚಿಕೊಂಡು, ಒಂದೇ ಶ್ರುತಿಗೆ ಕಂಠವನ್ನು ಕೂಡಿಸುತ್ತಿದ್ದ ಜೊತೆಗಾರನ ಅಗಲಿಕೆ ಎಳೆಯ ಮನಸ್ಸಿಗೆ ಎಂತಹ ಆಘಾತವೆಂಬುದನ್ನು ಊಹಿಸಬಹುದು. ಆದರೂ ಗುರುವಿನ ಕೃಪೆಯನ್ನು ನೆಚ್ಚಿ ಅವರು ಅಭ್ಯಾಸವನ್ನು ಬಿಡಲಿಲ್ಲ. ಮೈಸೂರಿಗೆ ತೆರಳಿ ಕೆಲವು ವರ್ಷ ಕರ್ನಾಟಕ ಸಂಗೀತವನ್ನು ಸಾಧಿಸಿದರು. ಅನಂತರ ಶಿವಯೋಗಮಂದಿರದಲ್ಲಿ ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದುಸ್ಥಾನಿ ಸಂಗೀತದ ಶಿಕ್ಷಣ ಪಡೆದರು. ಮುಂದೆ ಜಗದ್ವಿಖ್ಯಾತರಾದ ಮಲ್ಲಿಕಾರ್ಜುನ ಮನ್ಸೂರರಿಗೂ ಗ್ವಾಲಿಯರ್ ಘರಾನೆಯ ತಾಲೀಮು ಕೊಟ್ಟವರು ಇದೇ ನೀಲಕಂಠ ಬುವಾ ಅವರು.

ಎರಡು ಪದ್ಧತಿಗಳಲ್ಲಿಯೂ ಪಾರಂಗತರಾಗುವುದು ಎಷ್ಟು ಕಷ್ಟಸಾಧ್ಯವೆಂಬುದನ್ನು ಸಂಗೀತಜ್ಞರು ಬಲ್ಲರು. ಒಂದು ಪದ್ಧತಿಯ ಮಾಯಾಮಾಳವಗೌಳವೂ ಇನ್ನೊಂದರ ಭೈರವವೂ ಸ್ವರಸ್ಥಾನಗಳಲ್ಲಿ ಒಂದೇ ಆದರೂ ಗಮಕ, ಸಂಚಾರ, ವಿಸ್ತಾರಗಳಲ್ಲಿ ಬೇರೆ ಬೇರೆ. ಅಲ್ಲಿ ಕೃತಿಯೇ ಪ್ರಧಾನ. ಇಲ್ಲಿ ವಿಲಂಬಿತ ಖಯಾಲಿನ ಬಡತ. ಅಲ್ಲಿ ಕೈಯಲ್ಲಿ ಎಣಿಸುವ ಆದಿ, ರೂಪಕ ತಾಳಗಳು. ಇಲ್ಲಿ ತಬಲೆಯ ಠೇಕಾದಿಂದಲೇ ಗುರುತಿಸಬೇಕಾದ ಏಕತಾಲ, ತೀನ್‌ತಾಲಗಳು. ಗ್ರಂಥದಲ್ಲಿ ಬರೆದ ಸ್ವರಲಿಪಿಯನ್ನು ನೋಡುವ ಅನುಕೂಲವೇ ಇಲ್ಲದೆ, ಕೇಳಿದುದನ್ನೆಲ್ಲ ನೆನಪಿನ ಕೋಶದಲ್ಲಿ ಬೇರೆ ಬೇರೆಯಾಗಿ ಕೂಡಿಟ್ಟುಕೊಂಡು, ಬೇಡಿದಾಗ ಬೇಡಿದುದನ್ನು ಹೊರತೆಗೆಯುವ ಸಾಮರ್ಥ್ಯವನ್ನು ಗವಾಯಿಗಳು ಸಂಪಾದಿಸಿದರು. ಗಾಯನದೊಡನೆ ವಾದನದಲ್ಲಿಯೂ ನಿಪುಣರಾದರು. ಉಭಯ ಗಾನ ವಿಶಾರದರೆಂದು ನಾಡು ಅವರನ್ನು ಕೊಂಡಾಡಿತು. ಗದಿಗೆಯ್ಯ ಎಂಬ ಬಾಲ್ಯನಾಮ ಮರೆಯಾಗಿ ಪಂಚಾಕ್ಷರ ಗವಾಯಿಗಳೆಂಬ ಹೆಸರು ಸ್ಥಿರವಾಯಿತು. ಐದು ಅಕ್ಷರಗಳ ಶಿವಮಂತ್ರವನ್ನೇ ಹೆಸರಾಗಿ ಹೊತ್ತ ಅವರು ಇಷ್ಟಲಿಂಗ ಪೂಜಾನಿಷ್ಠೆಯನ್ನು ಎಂತಹ ಪ್ರಸಂಗದಲ್ಲಿಯೂ ಸಡಿಲಿಸಿದವರಲ್ಲ.

ಇಷ್ಟು ವಿದ್ಯೆ ಕೈಗೂಡಿದ ಮೇಲೆ ಯಾವುದಾದರೊಂದು ಸಂಸ್ಥಾನದ ಆಶ್ರಯದಲ್ಲಿ ನೆಲೆನಿಂತು ಸುಖವಾಗಿ ಬಾಳುವುದು ಅವರಿಗೆ ಅಸಾಧ್ಯವೇನೂ ಆಗಿರಲಿಲ್ಲ. ಆದರೆ ಅವರು ಆಯ್ದುಕೊಂಡುದು ಬೇರೆಯ ಹಾದಿ. ಆಜನ್ಮ ಬ್ರಹ್ಮಚರ್ಯವನ್ನು ಕೈಕೊಂಡು, ಗುರುವಿನಿಂದ ತಾವು ಪಡೆದುದನ್ನು ತಮ್ಮಂತೆಯೇ ಕಣ್ಣಿಲ್ಲದವರಿಗೂ ದಿಕ್ಕಿಲ್ಲದವರಿಗೂ ಹಂಚುವುದಕ್ಕೆ ತಮ್ಮ ಆಯುಷ್ಯವನ್ನೇ ಮೀಸಲಿಟ್ಟರು. ಹೀಗೆ ಹುಟ್ಟಿಕೊಂಡುದು ಅವರ ಸಂಚಾರಿ ಸಂಗೀತ ಪಾಠಶಾಲೆ. ಅದಕ್ಕೆ ಕಟ್ಟಡವಿರಲಿಲ್ಲ, ಹಲಗೆಯಿರಲಿಲ್ಲ, ಸರಕಾರದ ಅನುದಾನವಿರಲಿಲ್ಲ. ಮಠದ ಪಡಸಾಲೆ, ಗುಡಿಯ ಪ್ರಾಂಗಣ, ಭಕ್ತರ ಮನೆಯ ಜಗುಲಿ ಇವೇ ಪಾಠದ ಸ್ಥಳಗಳು. ಗುರುವು ಹೋದಲ್ಲೆಲ್ಲ ಶಿಷ್ಯಸಮೂಹವೂ ಹೋಗುತ್ತಿತ್ತು. ಶಿಷ್ಯರು ಇದ್ದಲ್ಲೆಲ್ಲ ಪಾಠವೂ ನಡೆಯುತ್ತಿತ್ತು.

ಆ ಪಾಠಕ್ರಮದ ವೈಶಿಷ್ಟ್ಯವನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ಅಂಧರಿಗಾಗಿ ಉಬ್ಬುಚುಕ್ಕಿಗಳ ಲಿಪಿಯನ್ನು ಫ್ರಾನ್ಸಿನ ಲೂಯಿ ಬ್ರೈಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೂಪಿಸಿದ್ದರೂ, ಭಾರತೀಯ ಭಾಷೆಗಳಿಗೆಲ್ಲ ಏಕರೂಪವಾಗಿ ಹೊಂದುವ ಭಾರತಿ ಬ್ರೈಲ್ ಅಂಗೀಕೃತವಾದುದು 1951ರಲ್ಲಿ, ಅಂದರೆ ಗವಾಯಿಗಳು ಲಿಂಗೈಕ್ಯರಾದ ಏಳು ವರ್ಷಗಳ ಬಳಿಕ. ಆದುದರಿಂದ ಅವರು ಅಕ್ಷರದ ಆಸರೆಗಾಗಿ ಕಾಯುತ್ತ ಕುಳಿತುಕೊಳ್ಳುವಂತಿರಲಿಲ್ಲ. ಕಿವಿ, ಕಂಠ, ಕೈಬೆರಳು ಮತ್ತು ನೆನಪು ಈ ನಾಲ್ಕನ್ನೇ ಆಧಾರವಾಗಿಟ್ಟುಕೊಂಡರು. ಗುರುವು ಹಾಡಿದುದನ್ನು ಶಿಷ್ಯನು ಹಾಡಬೇಕು. ತಬಲೆಯ ಬೋಲನ್ನು ಮೊದಲು ಬಾಯಲ್ಲಿ ನುಡಿದು ಆಮೇಲೆ ಕೈಗೆ ಇಳಿಸಬೇಕು. ತಪ್ಪು ಎಲ್ಲಿಯೆಂದು ಬೊಟ್ಟುಮಾಡಿ ತೋರಿಸುವಂತಿಲ್ಲವಾದುದರಿಂದ ಗುರುವಿನ ಕಿವಿ ಅಷ್ಟು ಸೂಕ್ಷ್ಮವಾಗಿರಬೇಕು, ತಾಳ್ಮೆ ಅಷ್ಟು ಅಪಾರವಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಕಲಿಸುವವರೂ ಕಣ್ಣಿಲ್ಲದವರೇ ಆಗಿದ್ದರು. ನಾನು ಏನೂ ಆಗಲಾರೆನೆಂದು ನಂಬಿ ಬಂದ ಬಾಲಕನಿಗೆ, ತನ್ನಂತಹವನೇ ಗುರುಪೀಠದಲ್ಲಿ ಕುಳಿತಿರುವನೆಂಬ ಅರಿವೇ ಮೊದಲನೆಯ ಪಾಠವಾಗುತ್ತಿತ್ತು.

ಅಂಧರಿಗಾಗಿ ಕಟ್ಟಿದ ಪಾಠಶಾಲೆಯಾದರೂ ಅದರ ಬಾಗಿಲು ಕಣ್ಣುಳ್ಳವರಿಗೆ ಮುಚ್ಚಿರಲಿಲ್ಲ. ಜಾತಿಭೇದವೂ ಅಲ್ಲಿಗೆ ಸುಳಿಯಲಿಲ್ಲ. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ ಹುಟ್ಟಿ, ಹದಿಮೂರರ ಹರೆಯದಲ್ಲಿ ಗವಾಯಿಗಳ ಮಡಿಲಿಗೆ ಬಿದ್ದ ಬಸವರಾಜ ರಾಜಗುರು ಅವರೂ, ಅರ್ಜುನಸಾ ನಾಕೋಡ ಅವರೂ ಅದೇ ಪಂಕ್ತಿಯಲ್ಲಿ ಕುಳಿತು ಕಲಿತವರು. ಕಣ್ಣುಳ್ಳವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಂಬೂರಿಯ ಶ್ರುತಿಗೆ ಹಾಡಿದರು. ಸಮನ್ವಯ ಶಿಕ್ಷಣವೆಂದು ಇಂದು ಶಿಕ್ಷಣತಜ್ಞರು ಯಾವುದನ್ನು ಕರೆಯುತ್ತಾರೆಯೋ ಅದು ಆ ಹೆಸರು ಹುಟ್ಟುವ ಮುನ್ನವೇ ಅಲ್ಲಿ ನಡೆದಿತ್ತು.

1930ರಲ್ಲಿ ಕುಮಾರ ಶಿವಯೋಗಿಗಳು ಲಿಂಗೈಕ್ಯರಾದರು. ತಂದೆಯೂ ಗುರುವೂ ಆಗಿದ್ದ ಆ ಆಸರೆ ಕಳಚಿದಾಗ ಗವಾಯಿಗಳಿಗೆ ಮೂವತ್ತೆಂಟು ವರ್ಷ. ಹಿಂದೆ ಶಿಷ್ಯರ ಹಿಂಡು. ಮುಂದೆ ಪ್ರತಿದಿನದ ಅನ್ನದ ಚಿಂತೆ. ಬೇಡಿ ತಂದು ಸಾಕುವುದು ಸುಲಭದ ದಾರಿಯಾಗಿತ್ತು. ಆದರೆ ಯಾವ ಭಿಕ್ಷಾವೃತ್ತಿಯಿಂದ ಮಕ್ಕಳನ್ನು ಪಾರುಮಾಡಲು ಹೊರಟಿದ್ದರೋ ಆ ವೃತ್ತಿಗೇ ಅವರನ್ನು ಒಪ್ಪಿಸಲು ಗವಾಯಿಗಳ ಮನಸ್ಸು ಒಪ್ಪಲಿಲ್ಲ. ಊರೂರುಗಳಲ್ಲಿ ಸಂಗೀತ ಸಭೆಗಳನ್ನೂ ಕೀರ್ತನೆಗಳನ್ನೂ ನಡೆಸಿದರು. ನಾಟಕ ಮಂಡಳಿಯನ್ನು ಕಟ್ಟಿ ಅದರ ಉತ್ಪನ್ನದಿಂದ ಶಿಷ್ಯರನ್ನು ಪೋಷಿಸಿದರು. ವಿದ್ಯೆಯು ಕಾಯಕವಾಯಿತು, ಕಾಯಕದ ಫಲವು ದಾಸೋಹವಾಯಿತು. ದಾನ ಪಡೆಯುವುದು ಮಾತ್ರವೇ ತನ್ನ ಪಾಲೆಂದು ತಿಳಿದಿದ್ದ ಅಂಧ ಬಾಲಕನು ತನ್ನ ಕಂಠದ ದುಡಿಮೆಯಿಂದ ಮತ್ತೊಬ್ಬ ಬಾಲಕನಿಗೆ ಅನ್ನವಿಕ್ಕುವವನಾದನು. ಶರಣಧರ್ಮದ ಈ ಎರಡು ತತ್ತ್ವಗಳು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವಂತೆ ಆಚರಣೆಗೆ ಬಂದ ನಿದರ್ಶನಗಳು ವಿರಳ.

ವಚನಗಾಯನಕ್ಕೆ ಗವಾಯಿಗಳು ಸಲ್ಲಿಸಿದ ಸೇವೆಯೂ ಇದೇ ಭಾವದಿಂದ ಹೊಮ್ಮಿದುದು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಪ್ರಕಟವಾಗಿ, ತಾಳೆಗರಿಗಳಲ್ಲಿ ಹುದುಗಿದ್ದ ಶರಣವಾಣಿ ಅಕ್ಷರಸ್ಥರ ಕೈಗೆ ಬಂದಿತು. ಆದರೆ ಓದಲಾರದ ಜನಕೋಟಿಗೆ, ಕಣ್ಣಿಲ್ಲದವರಿಗೆ ಅದನ್ನು ತಲುಪಿಸುವವರಾರು? ವಚನಗಳಿಗೆ ಶಾಸ್ತ್ರೀಯ ರಾಗಗಳನ್ನು ಅಳವಡಿಸಿ, ಅರ್ಥ ಕೆಡದಂತೆ, ಪದ ತುಂಡಾಗದಂತೆ ಹಾಡಿ, ಶಿಷ್ಯರಿಂದಲೂ ಹಾಡಿಸಿದ ಮೊದಲಿಗರಲ್ಲಿ ಗವಾಯಿಗಳು ಪ್ರಮುಖರು.

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಜರುಗಿತು. ಆ ಮಹಾಸಭೆಯಲ್ಲಿ ಹಾಡಲು ಕುಳಿತವರು ಇನ್ನೂ ಇಪ್ಪತ್ತು ತುಂಬದ ತರುಣ ಬಸವರಾಜ ರಾಜಗುರು. ತಬಲೆಯ ಸಾಥಿಗೆ ಕುಳಿತವರು ಸ್ವಯಂ ಗುರುಗಳಾದ ಪಂಚಾಕ್ಷರ ಗವಾಯಿಗಳು. ಮುಖ್ಯಗಾಯಕನ ಸ್ಥಾನವನ್ನು ಶಿಷ್ಯನಿಗೆ ಬಿಟ್ಟುಕೊಟ್ಟು, ಅವನ ಲಯವನ್ನು ತಾನು ಹಿಡಿದು ನಡೆಸುವ ಗುರುವಿನ ಔದಾರ್ಯವನ್ನು ಏನೆಂದು ವರ್ಣಿಸುವುದು! ರಾಜಗುರು ಅವರ ಕೀರ್ತಿ ನಾಡಿನಲ್ಲೆಲ್ಲ ಹರಡಲು ಆ ಸಭೆಯೇ ನಾಂದಿಯಾಯಿತು. ಶಿಷ್ಯನಿಂದ ಸೋಲನ್ನು ಬಯಸಬೇಕೆಂಬ ಹಿರಿಯರ ಮಾತನ್ನು ಕೇಳಿದವರು ಬಹು ಮಂದಿ. ಅದಕ್ಕಾಗಿ ಶಿಷ್ಯನ ಪಕ್ಕದಲ್ಲಿ ತಬಲೆ ಹಿಡಿದು ಕುಳಿತವರು ಎಷ್ಟು ಮಂದಿ?

ಹಲವು ವರ್ಷಗಳ ಅಲೆದಾಟದ ತರುವಾಯ ಪಾಠಶಾಲೆಗೆ ಗದಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ಆಶ್ರಯವಿತ್ತರು. ದಾನಿಯು ಕೊಡುವ ಒಂದು ಸೂರು ಎಷ್ಟು ತಲೆಮಾರುಗಳನ್ನು ಕಾಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ ಅಲ್ಲಿ ವಿದ್ಯಾದಾನ ಹಾಗೂ ಅನ್ನದಾನಗಳು ಮುಂದುವರಿದವು. ಆದರೆ ನಿರಂತರ ಪ್ರವಾಸದಿಂದ, ಪರಿಶ್ರಮದಿಂದ ಗವಾಯಿಗಳ ದೇಹ ಬಳಲಿತ್ತು. 1944ನೆಯ ಇಸವಿ ಜೂನ್ 11ರಂದು, ಐವತ್ತೆರಡರ ವಯಸ್ಸಿನಲ್ಲಿ, ಅವರು ಗದಗಿನಲ್ಲಿ ಲಿಂಗೈಕ್ಯರಾದರು.

ಮಹಾಪುರುಷರು ತೆರಳಿದ ಮೇಲೆ ಅವರು ಕಟ್ಟಿದ ಸಂಸ್ಥೆಗಳು ಮಸುಕಾಗುವುದುಂಟು. ಇಲ್ಲಿ ಹಾಗಾಗಲಿಲ್ಲ. ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡು, ಗವಾಯಿಗಳ ಆಶ್ರಯದಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಗುರುವಿನ ಸ್ಥಾನವನ್ನು ತುಂಬಿದರು. ಅಂಧ ಗುರುವಿನ ಪೀಠಕ್ಕೆ ಅಂಧ ಶಿಷ್ಯನೇ ಅಧಿಕಾರಿಯಾದನು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, ನಾಟಕಗಳನ್ನು ಬರೆದು, ಭಕ್ತರು ನೆರವೇರಿಸಿದ ತುಲಾಭಾರಗಳಿಂದ ಬಂದ ಹಣವನ್ನು ಆಶ್ರಮದ ಮಕ್ಕಳಿಗೇ ಸವೆಸಿ, ಅರುವತ್ತಾರು ವರ್ಷ ಆ ಪೀಠವನ್ನು ಬೆಳಗಿದ ಆ ಪೂಜ್ಯರಿಗೆ 2010ರಲ್ಲಿ ಭಾರತ ಸರಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರೂ ಲಿಂಗೈಕ್ಯರಾದರು. ಹಿರಿಯ ಗವಾಯಿಗಳ ಜೀವನವನ್ನು ಆಧರಿಸಿದ ಕನ್ನಡ ಚಲನಚಿತ್ರದ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ 1995ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳು ಲಭಿಸಿದುದನ್ನು ಇಲ್ಲಿ ಸ್ಮರಿಸಬಹುದು.

ಗದಗಿನ ಈ ಪುಣ್ಯಚರಿತೆಯನ್ನು ಬಂಗಾರಪೇಟೆಯ ಸೀಮೆಯಲ್ಲಿ ಸ್ಮರಿಸುವುದಕ್ಕೆ ವಿಶೇಷವಾದ ಕಾರಣವುಂಟು. ಈ ಸೀಮೆಯ ನೆರೆಯಲ್ಲಿಯೇ ಕೋಲಾರದ ಚಿನ್ನದ ಗಣಿಗಳಿವೆ. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಲ್ಲುವವರೆಗೆ ಒಂದು ಶತಮಾನಕ್ಕೂ ಮಿಗಿಲಾದ ಕಾಲ ಸಾವಿರಾರು ಶ್ರಮಜೀವಿಗಳು ಭೂಗರ್ಭದಲ್ಲಿ ದುಡಿದರು. ಮೂರು ಸಾವಿರ ಮೀಟರಿಗೂ ಹೆಚ್ಚಿನ ಆಳದಲ್ಲಿ ಬಂಡೆ ಸಿಡಿದು ಕೈಕಾಲು ಕಳೆದುಕೊಂಡವರುಂಟು. ಕಲ್ಲಿನ ಧೂಳನ್ನು ಉಸಿರಾಡಿ ಶ್ವಾಸಕೋಶವನ್ನೇ ಬಲಿಕೊಟ್ಟವರುಂಟು. ದೇಹದ ಊನವೆಂಬುದು ಈ ಸೀಮೆಗೆ ಪುರಾಣದ ಮಾತಲ್ಲ, ಮನೆಮನೆಯ ಅನುಭವ. ದುಡಿಮೆಯಲ್ಲಿ ಗಾಯಗೊಂಡವರಿಗಾಗಿ ಬ್ರಿಟಿಷ್ ಭಾರತದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂದಿತು. ಯಾವ ಅಂಗ ಹೋದರೆ ದುಡಿಯುವ ಶಕ್ತಿಯಲ್ಲಿ ಎಷ್ಟು ಅಂಶ ಹೋಯಿತೆಂದು ಅದರಲ್ಲಿ ಪಟ್ಟಿಯಿತ್ತು. ಎರಡೂ ಕಣ್ಣುಗಳ ದೃಷ್ಟಿ ಶಾಶ್ವತವಾಗಿ ನಷ್ಟವಾದರೆ ಅದು ಸಂಪೂರ್ಣ ಅಸಾಮರ್ಥ್ಯವೆಂದು ಆ ಕಾಯಿದೆ ಎಣಿಸಿತು. ಶ್ರಮಿಕನಿಗೆ ಪರಿಹಾರ ದೊರಕಿಸಲು ಆ ಲೆಕ್ಕ ಅವಶ್ಯವೇ, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಕಾಯಿದೆಯು ಹಾಗೆಂದು ಬರೆದ ಆ ಕಾಲದಲ್ಲಿಯೇ, ಎರಡೂ ಕಣ್ಣುಗಳಿಲ್ಲದ ಗವಾಯಿಗಳು ತಾವು ದುಡಿದು ಹತ್ತಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ನೀಡುತ್ತಿದ್ದರು. ಕಾಯಿದೆ ಕಳೆದುಹೋದುದನ್ನು ಎಣಿಸಿತು. ಗವಾಯಿಗಳು ಉಳಿದುದನ್ನು ಎಣಿಸಿದರು.

ಅವರು ಮನವಿಪತ್ರ ಹಿಡಿದು ಸರಕಾರದ ಬಾಗಿಲಿಗೆ ಹೋದವರಲ್ಲ. ಹಕ್ಕು ಎಂಬ ಶಬ್ದವೂ ಅಂದು ಇಷ್ಟು ಬಳಕೆಯಲ್ಲಿರಲಿಲ್ಲ. ಆದರೂ ವಿಕಲಚೇತನರ ಪರವಾಗಿ ಅವರ ಬಾಳೇ ಒಂದು ವಾದವಾಗಿತ್ತು. 1995ರಲ್ಲಿ ಸಂಸತ್ತು ಅಂಗವಿಕಲರ ಸಮಾನ ಅವಕಾಶಗಳ ಕಾಯಿದೆಯನ್ನು ಅಂಗೀಕರಿಸಿತು. 2016ರ ಹೊಸ ಕಾಯಿದೆಯು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ಉದ್ಯೋಗಗಳಲ್ಲಿ ಶೇಕಡಾ 3ರಷ್ಟಿದ್ದ ಮೀಸಲಾತಿಯನ್ನು ಶೇಕಡಾ 4ಕ್ಕೆ ಏರಿಸಿ, ಎಲ್ಲರೊಡನೆ ಕೂಡಿ ಕಲಿಯುವ ಅವಕಾಶವನ್ನು ಶಾಲೆಗಳ ಕರ್ತವ್ಯವನ್ನಾಗಿ ವಿಧಿಸಿತು. ಶಾಸನವು ಇಂದು ಆಜ್ಞಾಪಿಸುವುದನ್ನು ಗವಾಯಿಗಳು ಅಂದು ಗುರುವಿನ ಋಣವೆಂದು ತಿಳಿದು ಆಚರಿಸಿದ್ದರು.

ಹಾಗೆಂದು ಕಣ್ಣಿಲ್ಲದ ಮಕ್ಕಳೆಲ್ಲರೂ ಗಾಯಕರಾಗಬೇಕೆಂದು ತಿಳಿಯುವುದು ಅವರ ಚರಿತ್ರೆಯ ತಾತ್ಪರ್ಯವಲ್ಲ. ಎಲ್ಲರ ಕಂಠದಲ್ಲಿಯೂ ಇಂಪಿರುವುದಿಲ್ಲ. ಆ ಕಾಲದಲ್ಲಿ ಅಂಧನಿಗೆ ತೆರೆದಿದ್ದ ಮಾನದ ಬಾಗಿಲು ಸಂಗೀತವೊಂದೇ. ಆ ಒಂದು ಬಾಗಿಲನ್ನು ಅವರು ಪೂರ್ಣವಾಗಿ ತೆರೆದರು. ಗಣಿತ, ವಿಜ್ಞಾನ, ನ್ಯಾಯಶಾಸ್ತ್ರ, ಅಧ್ಯಾಪನವೆಂಬ ಉಳಿದ ಬಾಗಿಲುಗಳನ್ನು ತೆರೆಯುವ ಹೊಣೆ ಈಗಿನವರದು. ಬ್ರೈಲ್ ಗ್ರಂಥಗಳೂ ಓದಿ ಹೇಳುವ ಯಂತ್ರಗಳೂ ಇರುವ ಈ ಯುಗದಲ್ಲಿ ಸಾಧನದ ಕೊರತೆಯ ನೆಪ ಹೇಳಿದರೆ, ತಂಬೂರಿಯೊಂದನ್ನೇ ನೆಚ್ಚಿ ಪಾಠಶಾಲೆ ನಡೆಸಿದ ಆ ಮಹಾತ್ಮರೆದುರು ತಲೆತಗ್ಗಿಸಬೇಕಾದೀತು.

ತರಗತಿಯ ಹಿಂದಿನ ಸಾಲಿನಲ್ಲಿ ಹಲಗೆ ಕಾಣದೆ ಸುಮ್ಮನೆ ಕುಳಿತ ಮಗುವನ್ನು ಗುರುತಿಸುವ ಅಧ್ಯಾಪಕನಲ್ಲಿ ಕುಮಾರ ಶಿವಯೋಗಿಗಳ ಅಂಶವಿದೆ. ಅಂತಹ ಮಗುವಿಗೆ ಊರುಗೋಲನ್ನೋ ಪುಸ್ತಕವನ್ನೋ ವಸತಿಯನ್ನೋ ಒದಗಿಸುವ ದಾನಿಯಲ್ಲಿ ವೀರಪ್ಪನವರ ಅಂಶವಿದೆ. ತಾನು ಕಲಿತು ಮೇಲೇರಿದ ಮೇಲೆ ಹಿಂದಿರುಗಿ ಮತ್ತೊಬ್ಬನ ಕೈಹಿಡಿಯುವ ಹಳೆಯ ವಿದ್ಯಾರ್ಥಿಯಲ್ಲಿ ಪುಟ್ಟರಾಜರ ಅಂಶವಿದೆ. ಈ ಮೂವರೂ ಕೂಡಿದಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯಸ್ಮರಣೆ ತಾನಾಗಿಯೇ ನೆರವೇರುತ್ತದೆ. ಕಾಡಶೆಟ್ಟಿಹಳ್ಳಿಯ ಬಾಲಕನ ಬಾಳಿನಲ್ಲಿ ಒಬ್ಬ ಗುರುವು ತೋರಿದ ಕಾರುಣ್ಯ ಶತಮಾನದಾಚೆಗೂ ಸಾವಿರಾರು ಬಾಳುಗಳನ್ನು ಬೆಳಗಿತು. ಅಂತಹ ಬಾಲಕರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಗುರುತಿಸುವ ಕಣ್ಣುಗಳು ಕಣ್ಣುಳ್ಳವರಿಗೆ ಬರಬೇಕಾಗಿದೆ.